ಶಾಲು ಬೇಡ, ಮುಂಗಡ ಕೊಡಿ

ಫೋನು ಬರೋದು ಸಾಮಾನ್ಯವಾಗಿ ರಾತ್ರಿ ಒಂಬತ್ತರ ಮೇಲೆ. ಊಟ ಆಗಿ, ಎಲೆ ಅಡಿಕೆ ಬಾಯಿಗೆ ಬಿದ್ದು, ಬಾಕಿ ಉಳಿದ ಕೆಲಸಗಳು ಒಂದೊಂದಾಗಿ ನೆನಪಾಗೋ ಹೊತ್ತು ಅದು.

"ಆರ್ಟಿಸ್ಟ್ರಾ? ನಾನು ಬೀರೂರಿಂದ ಮಾತಾಡ್ತಿರೋದು. ನಮ್ಮ ಭಾವಮೈದ ನಿಮ್ಮ ನಂಬರ್ ಕೊಟ್ಟ. ನಮ್ಮ ತಂದೆಯವರದ್ದು ಒಂದು ಚಿತ್ರ ಬರೀಬೇಕಿತ್ತು. ಸೋಮವಾರ ವರ್ಷದ ತಿಥಿ."

"ಆಗ್ಲಿ ಸಾರ್. ಯಾವ ಸೈಜು? ಪೆನ್ಸಿಲ್ಲೋ, ಬಣ್ಣದ್ದೋ?"

"ಅದೆಲ್ಲ ನಿಮಗೇ ಗೊತ್ತಲ್ವಾ. ನೋಡಿದೋರು ಹೌದು ಅನ್ಬೇಕು, ಅಷ್ಟೇ."

ರೇಟು ಹೇಳಿದೆ. ಸ್ವಲ್ಪ ಜಗ್ಗಾಡಿದರು, ಸ್ವಲ್ಪ ಬಿಟ್ಟೆ. ಅದೆಲ್ಲ ವ್ಯವಹಾರದಲ್ಲಿ ಇದ್ದದ್ದೇ. ಆಮೇಲೆ ನಾನು ಆ ಮಾತು ಆಡಿದೆ: "ಅರ್ಧ ಮುಂಗಡ ಹಾಕಿ ಸಾರ್, ಬೆಳಿಗ್ಗೆನೇ ಶುರು ಮಾಡ್ತೀನಿ."

ಆ ಕಡೆ ಮೌನ. ಎಲೆ ಅಡಿಕೆ ಉಗುಳಿದ ಸದ್ದು. ಆಮೇಲೆ, "ಮುಂಗಡಾನಾ? ಏನ್ ಸಾರ್, ನಮ್ಮ ಮೇಲೆ ನಂಬಿಕೆ ಇಲ್ವಾ?"

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ತಾಲ್ಲೂಕಲ್ಲಿ ಬ್ರಷ್ ಹಿಡಿದು ಬದುಕೋ ಯಾರನ್ನೇ ಕೇಳಿ ನೋಡಿ. ಈ ಪ್ರಶ್ನೆ ಕೇಳಿಸಿಕೊಳ್ಳದವರು ಸಿಗೋದು ಕಷ್ಟ. ಕೇಳಿಸಿಕೊಂಡ ತಕ್ಷಣ ನಾಲಿಗೆ ಒಣಗುತ್ತೆ. "ಅಯ್ಯೋ ಹಂಗಲ್ಲ ಸಾರ್" ಅಂತ ನಾವೇ ತಪ್ಪಿತಸ್ಥರ ಹಾಗೆ ತೊದಲುತ್ತೇವೆ. ಹದಿನೆಂಟು ವರ್ಷ ನಾನೂ ತೊದಲಿದ್ದೇನೆ. ಇವತ್ತು ತೊದಲದೆ ಉತ್ತರ ಬರೆಯುತ್ತಿದ್ದೇನೆ.

ಮೊದಲು ನಂಬಿಕೆಯ ವಿಚಾರ. ಬೀರೂರಿನ ಆ ಮಹನೀಯರು ತೋಟ ಇಟ್ಟುಕೊಂಡವರು. ತೋಟದ ಅಡಿಕೆಯನ್ನು ಚೇಣಿಗೆ ಕೊಡುವಾಗ ಏನು ಮಾಡ್ತಾರೆ? ಕಾಯಿ ಮರದಲ್ಲಿರುವಾಗಲೇ ಚೇಣಿದಾರನ ಹತ್ತಿರ ಮುಂಗಡ ತಗೋತಾರೆ. ಚೇಣಿದಾರ "ನನ್ನ ಮೇಲೆ ನಂಬಿಕೆ ಇಲ್ವಾ" ಅಂತ ಕೇಳಿದರೆ ಇವರು ನಕ್ಕುಬಿಡ್ತಾರೆ. ಮಗಳ ಮದುವೆಗೆ ಛತ್ರ ಹಿಡಿದರೆ ಮುಂಗಡ. ಅಡುಗೆ ಭಟ್ಟರಿಗೆ ಮುಂಗಡ. ಶಾಮಿಯಾನಕ್ಕೆ, ವಾಲಗದೋರಿಗೆ, ವಿಡಿಯೋದೋರಿಗೆ ಮುಂಗಡ. ವಾಲಗದೋರಿಗಂತೂ ವೀಳ್ಯದೆಲೆ ಮೇಲೆ ದುಡ್ಡಿಟ್ಟು ಕೊಟ್ಟರೇನೇ ಮಾತು ಗಟ್ಟಿ. ಯಾರೂ ಅದನ್ನ ಅಪನಂಬಿಕೆ ಅನ್ನಲಿಲ್ಲ. ಮರ್ಯಾದೆ ಅಂದರು.

ಇನ್ನೊಂದು ಉದಾಹರಣೆ ಕೊಡ್ತೀನಿ, ಕಡೂರಿನ ಬಯಲು ಸೀಮೆಯವರಿಗೆ ಎದೆಗೇ ತಾಗೋದು. ಬೋರ್‌ವೆಲ್. ಲಾರಿ ಬಂದು ಹೊಲದಲ್ಲಿ ನಿಲ್ಲುತ್ತೆ. ಅಡಿ ಲೆಕ್ಕ. ನೀರು ಬೀಳುತ್ತೆ ಅಂತ ಅವನು ಯಾವತ್ತೂ ಮಾತು ಕೊಡೋದಿಲ್ಲ. ಎಂಟುನೂರು ಅಡಿ ಹೋಗಿ ಬರೀ ಬಿಳಿ ಧೂಳು ಬಂದರೂ ಎಂಟುನೂರು ಅಡಿಯ ದುಡ್ಡು ಎಣಿಸಿ ಕೊಡಬೇಕು, ಕೊಡ್ತೀವಿ. ಧೂಳಿಗೆ ದುಡ್ಡು ಕೊಡುವ ನಾವು, ಅಪ್ಪನ ಮುಖವನ್ನು ಹಾಗೇ ಹಾಳೆ ಮೇಲೆ ತಂದುಕೊಡೋನಿಗೆ "ಆಮೇಲೆ ನೋಡೋಣ" ಅಂತೀವಲ್ಲ, ಇದು ಯಾವ ನ್ಯಾಯ?

ಅಂದರೆ ವಿಷಯ ನಂಬಿಕೆಯದಲ್ಲ. ಬೋರ್ ಲಾರಿಯವನ ಕೆಲಸ ಕೆಲಸ. ನನ್ನ ಕೆಲಸ ನಿಮ್ಮ ಕಣ್ಣಿಗೆ ಕೆಲಸವಾಗಿ ಕಾಣೋದಿಲ್ಲ. ಜಗಳ ಇರೋದು ಅಲ್ಲಿ.

ಹಿಂದೆ ಹಳ್ಳಿಗಳಲ್ಲಿ ಆಯ ಅಂತ ಒಂದು ವ್ಯವಸ್ಥೆ ಇತ್ತು. ಬಡಗಿ, ಕಮ್ಮಾರ, ಕುಂಬಾರ, ಕ್ಷೌರಿಕ ಎಲ್ಲರಿಗೂ ಸುಗ್ಗಿಯಲ್ಲಿ ಕಣದಲ್ಲೇ ಇಷ್ಟು ಅಂತ ಕಾಳು ಅಳೆದು ಕೊಡುತ್ತಿದ್ದರು. ಅದನ್ನು ನಾನು ಹಾಡಿ ಹೊಗಳೋದಿಲ್ಲ. ಅದರೊಳಗೆ ಜಾತಿಯ ಬೇಲಿ ಇತ್ತು, ಕೈ ಒಡ್ಡಿ ನಿಲ್ಲಬೇಕಾದ ಸ್ಥಿತಿ ಇತ್ತು, ಕೊಡೋನು ಅಳೆದಷ್ಟೇ ಅಳತೆ. ಆದರೂ ಒಂದು ಮಾತು ಅದರಲ್ಲಿತ್ತು: ಕುಳ ಮಾಡಿಕೊಟ್ಟೋನ ಪಾಲು ಕೊಡದೆ ರಾಶಿ ಮನೆಗೆ ಹೋಗಬಾರದು. ಆ ವ್ಯವಸ್ಥೆ ಹೋಯಿತು, ಹೋಗಿದ್ದು ಒಳ್ಳೇದೇ ಆಯ್ತು. ಅದರ ಜಾಗಕ್ಕೆ ಬರಬೇಕಾಗಿದ್ದದ್ದು ಮುಂಗಡ, ರಸೀದಿ, ಗಡುವು. ಎಲ್ಲರಿಗೂ ಬಂತು, ಚಿತ್ರ ಬರೆಯೋನಿಗೆ ಬರಲಿಲ್ಲ. ಆಯವೂ ಇಲ್ಲ, ಮುಂಗಡವೂ ಇಲ್ಲ. ಅವನಿಗೆ ಬಂದದ್ದು ಶಾಲು.

ಹೌದು, ಶಾಲಿನ ಕಥೆ ಹೇಳಲೇಬೇಕು.

ನಾಲ್ಕು ವರ್ಷದ ಹಿಂದೆ ಒಂದು ಊರಿನ ನಾಟಕಕ್ಕೆ ಪರದೆ ಬರೆದುಕೊಟ್ಟೆ. ಊರಿನ ಹೆಸರು ಬೇಡ. ಇಪ್ಪತ್ತಡಿ ಅಗಲ, ಹನ್ನೆರಡಡಿ ಎತ್ತರ. ಅರಮನೆ ಒಂದು, ಕಾಡು ಒಂದು. ಬಟ್ಟೆ ನಂದು, ಬಣ್ಣ ನಂದು, ಹದಿನಾರು ದಿನದ ಮೈಮುರಿತ ನಂದು. "ಜಾತ್ರೆ ಮುಗೀಲಿ" ಅಂದರು. ಮುಗೀತು. "ಈರುಳ್ಳಿ ಮಾರ್ಲಿ" ಅಂದರು. ಅಜ್ಜಂಪುರದ ಕಡೆ ಈರುಳ್ಳಿ ರೇಟು ಬಿದ್ದರೆ ಏನಾಗುತ್ತೆ ಅಂತ ನನಗೂ ಗೊತ್ತು, ಸುಮ್ಮನಾದೆ. ಮುಂದಿನ ವರ್ಷ ರೇಟು ಎದ್ದಿತು. ನನ್ನ ಬಾಕಿ ಏಳಲಿಲ್ಲ. ಹನ್ನೊಂದು ಸಲ ಬೈಕ್ ತಗೊಂಡು ಹೋಗಿದ್ದೇನೆ. ಪೆಟ್ರೋಲ್ ಲೆಕ್ಕ ಬೇರೆ. ಹನ್ನೊಂದನೇ ಸಲ ಹೋದಾಗ ಸಂಭ್ರಮದಿಂದ ಬರಮಾಡಿಕೊಂಡರು. ವೇದಿಕೆ ಹತ್ತಿಸಿದರು. ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಅಧ್ಯಕ್ಷರು ಮೈಕಲ್ಲಿ ಹೇಳಿದರು: "ಇಂಥ ಕಲಾವಿದರ ಕಲೆಗೆ ಬೆಲೆ ಕಟ್ಟೋಕೆ ನಮ್ಮಿಂದ ಆಗೋದಿಲ್ಲ."

ನಿಜ ಹೇಳಿದರು ಪುಣ್ಯಾತ್ಮರು! ಕಟ್ಟಲೇ ಇಲ್ಲ.

ನಮ್ಮ ಮನೆಯಲ್ಲಿ ಈಗ ಒಂಬತ್ತು ಶಾಲು ಇವೆ. ಒಂದನ್ನು ನಮ್ಮಮ್ಮ ಹೊದ್ದುಕೊಳ್ತಾರೆ, ಒಂದು ಬೈಕ್ ಒರೆಸೋಕೆ ಹೋಗಿದೆ. ಕರೆಂಟ್ ಬಿಲ್ ಕಟ್ಟೋ ಕೌಂಟರಲ್ಲಿ ಶಾಲು ತಗೊಳ್ಳೋದಿಲ್ಲ, ವಿಚಾರಿಸಿದ್ದೇನೆ. ಸನ್ಮಾನದ ಮೇಲೆ ನನಗೆ ಸಿಟ್ಟಿಲ್ಲ. ದುಡ್ಡು ಕೊಟ್ಟ ಮೇಲೆ ಹೊದಿಸಿದ ಶಾಲು ಪ್ರೀತಿ. ದುಡ್ಡಿನ ಬದಲು ಹೊದಿಸಿದ ಶಾಲು ಬಾಯಿಗೆ ಕಟ್ಟಿದ ಬಟ್ಟೆ. ಹೊದ್ದುಕೊಂಡ ಮೇಲೆ ಬಾಕಿ ಕೇಳೋದು ಹೇಗೆ, ಹೇಳಿ?

ಇನ್ನು ಉಳಿದ ಮಾತುಗಳು. ಒಂದೊಂದನ್ನೂ ಎಷ್ಟು ಸಲ ಕೇಳಿದ್ದೇನೆಂದರೆ ಬಾಯಿಪಾಠ ಆಗಿವೆ.

"ಹತ್ತು ನಿಮಿಷದ ಕೆಲಸ ಅಲ್ವಾ ನಿಮಗೆ?" ಹೌದು, ಕೆಲವು ಸಲ ಹತ್ತೇ ನಿಮಿಷ. ಇದೇ ಪ್ರಶ್ನೆ 1878ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಬಂದಿತ್ತು. ವಿಸ್ಲರ್ ಎಂಬ ಚಿತ್ರಕಾರ ತನ್ನ ಚಿತ್ರವನ್ನು ಹೀನಾಯವಾಗಿ ಬೈದು ಬರೆದ ರಸ್ಕಿನ್ ಮೇಲೆ ಮಾನನಷ್ಟದ ದಾವೆ ಹಾಕಿದ್ದ. ಎದುರು ಪಕ್ಷದ ವಕೀಲರು, ಎರಡು ದಿನದ ಕೆಲಸಕ್ಕೆ ಇನ್ನೂರು ಗಿನಿ ಕೇಳ್ತೀರಾ ಅಂತ ಸವಾಲು ಹಾಕಿದರು. ಎರಡು ದಿನಕ್ಕಲ್ಲ, ಇಡೀ ಬದುಕಿನಲ್ಲಿ ಕಲಿತದ್ದಕ್ಕೆ ಕೇಳ್ತಿದ್ದೀನಿ ಅನ್ನೋ ಅರ್ಥದ ಉತ್ತರ ಕೊಟ್ಟ ಆತ. ಕೇಸು ಗೆದ್ದ. ಪರಿಹಾರ ಎಷ್ಟು ಸಿಕ್ಕಿತು ಗೊತ್ತಾ? ಒಂದು ಫಾರ್ದಿಂಗ್. ಅಂದರೆ ಆಗಿನ ಒಂದು ಪೆನ್ನಿಯ ಕಾಲು ಭಾಗ. ಮರುವರ್ಷ ದಿವಾಳಿಯಾದ. ಉತ್ತರ ಚೆನ್ನಾಗಿದ್ದ ಮಾತ್ರಕ್ಕೆ ಹೊಟ್ಟೆ ತುಂಬೋದಿಲ್ಲ ಅನ್ನೋದಕ್ಕೂ ಇದೇ ಸಾಕ್ಷಿ.

ಅಷ್ಟು ದೂರ ಯಾಕೆ? ನಮ್ಮ ಕೆ. ವೆಂಕಟಪ್ಪನವರನ್ನೇ ನೋಡಿ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತು ಬಂದವರು, ಬೆಂಗಳೂರಿನ ಚಿತ್ರಶಾಲೆಗೆ ಇವತ್ತು ಅವರದೇ ಹೆಸರು. ಮೈಸೂರು ಅರಮನೆಗೆ ಉಬ್ಬುಚಿತ್ರ ಮಾಡುತ್ತಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಆ ಕೆಲಸದ, ಅದರ ಹಣದ ತಕರಾರು ಕೋರ್ಟಿನ ಮೆಟ್ಟಿಲು ಹತ್ತಿತು. ಮಾತು ಕೊಟ್ಟವರು ಹೋದರೆ ಮಾತಿನ ಗತಿ ಏನು ಅಂತ ಅಂಥ ದೊಡ್ಡ ಕಲಾವಿದರೇ ಒದ್ದಾಡಬೇಕಾಯ್ತು. ಅರಮನೆಯ ಕೆಲಸಕ್ಕೇ ಹೀಗಾದರೆ, "ಕಾರ್ಯದರ್ಶಿ ಬದಲಾದ್ರು ಸಾರ್, ಹಳೇ ಕಮಿಟಿ ಲೆಕ್ಕ ನಮಗೆ ಗೊತ್ತಿಲ್ಲ" ಅನ್ನೋ ನಮ್ಮ ಸಂಘಗಳ ಮುಂದೆ ನಾನ್ಯಾವ ಲೆಕ್ಕ?

"ನಿಮಗೆ ಒಳ್ಳೆ ಪ್ರಚಾರ ಸಿಗುತ್ತೆ." ಇದನ್ನ ಹೇಳೋರು ಸಾಮಾನ್ಯವಾಗಿ ಚಿತ್ರದ ಮೂಲೆಯಲ್ಲಿ ನನ್ನ ಹೆಸರು ಬರೆದರೆ "ಅದು ಬೇಡ ಸಾರ್, ಫೋಟೋಗೆ ಅಡ್ಡ ಬರುತ್ತೆ" ಅನ್ನೋರು. ಹೆಸರಿಲ್ಲದ ಪ್ರಚಾರ ಯಾರಿಗೆ ಸ್ವಾಮಿ? ಇನ್ನು ಬಿಟ್ಟಿ ಕೆಲಸದ ಪ್ರಚಾರದಿಂದ ಬರೋ ಮುಂದಿನ ಗಿರಾಕಿಯೂ ಬಿಟ್ಟಿಗೇ ಬರ್ತಾನೆ. "ಅವರಿಗೆ ಹಂಗೇ ಮಾಡ್ಕೊಟ್ರಂತೆ?" ಅಂತಾನೆ.

"ಮೊಬೈಲಲ್ಲೇ ಬರುತ್ತಲ್ಲ ಈಗ, ಎಐನಲ್ಲಿ." ಬರುತ್ತೆ. ಮಾಡ್ಕೊಳ್ಳಿ. ನನಗೆ ಬೇಜಾರಿಲ್ಲ. ಆದರೆ ಅದರಲ್ಲಿ ಬಂದ ಅಪ್ಪನಿಗೆ ಕಿವಿಯ ಒಂಟಿ ಇಲ್ಲ, ಹಣೆಯ ಗಾಯದ ಕಲೆ ಇಲ್ಲ, ಯಾವುದೋ ಸಿನಿಮಾದ ಅಜ್ಜನ ಹಾಗೆ ಕಾಣ್ತಾರೆ ಅಂತಲೇ ಅಲ್ವಾ ನೀವು ನನಗೆ ಫೋನ್ ಮಾಡಿದ್ದು? ಹಾಗಾದರೆ ಅದರ ರೇಟಿಗೆ ನನ್ನ ಜಗ್ಗಬೇಡಿ. ಹಿಂದೆ ಫ್ಲೆಕ್ಸ್ ಬಂದಾಗಲೂ ಇದೇ ಮಾತಿತ್ತು. ಬಿ.ಎಚ್. ರೋಡಿನ ಉದ್ದಕ್ಕೂ ಎನಾಮೆಲ್ ಬಣ್ಣದಲ್ಲಿ ಬೋರ್ಡ್ ಬರೀತಿದ್ದ ಕೈಗಳು ಒಂದೊಂದಾಗಿ ನಿಂತವು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸು, ಬ್ಯಾನರು ನಿಷೇಧ ಮಾಡಿತು. ಕಾಗದದ ಮೇಲೆ ನಿಷೇಧ, ಕಂಬದ ಮೇಲೆ ಫ್ಲೆಕ್ಸು. ಇರಲಿ. ನಾನು ಹೇಳೋಕೆ ಹೊರಟಿದ್ದು ಇನ್ನೊಂದು: ಫ್ಲೆಕ್ಸ್ ಅಂಗಡಿಯವನು ದುಡ್ಡು ಕೈಗೆ ಬರದೆ ಮಿಷನ್ ಆನ್ ಮಾಡೋದಿಲ್ಲ. ಅವನಿಗೆ ನೀವು ಒಂದು ಮಾತು ಆಡೋದಿಲ್ಲ. ಮಿಷನ್ನಿಗಿರೋ ಮರ್ಯಾದೆ ಮನುಷ್ಯನ ಕೈಗಿಲ್ಲ.

ಕೊನೆಯದು, ಎಲ್ಲಕ್ಕಿಂತ ಕೆಟ್ಟದ್ದು: "ಮೊದ್ಲು ಬರೆದು ತೋರ್ಸಿ, ಇಷ್ಟ ಆದ್ರೆ ತಗೋತೀವಿ."

ಅಜ್ಜಂಪುರದ ಹತ್ತಿರದ ಹಳ್ಳಿಯ ಒಬ್ಬ ಹುಡುಗಿ ನನ್ನ ಹತ್ತಿರ ಎರಡು ವರ್ಷ ಕಲಿತಳು. ಕಲಿತಳು ಅನ್ನೋದಕ್ಕಿಂತ, ಬಂದಾಗಲೇ ಕೈ ಇತ್ತು, ನಾನು ಪೆನ್ಸಿಲ್ ಚೂಪು ಮಾಡೋದು ಹೇಳಿಕೊಟ್ಟೆ ಅಷ್ಟೇ. ಮುಖ ಬರೆದರೆ ಕಣ್ಣು ಒದ್ದೆ ಇದೆಯೇನೋ ಅನ್ನಿಸೋ ಹಾಗೆ ಬರೀತಿದ್ದಳು. ಮೊದಲ ಸ್ವಂತ ಆರ್ಡರ್ ಬಂತು. ತೀರಿಕೊಂಡ ಯಜಮಾನರೊಬ್ಬರ ಚಿತ್ರ. ಸವೆದ ಪಡಿತರ ಚೀಟಿಯ ಫೋಟೋ ನೋಡಿ ಬರೀಬೇಕು. ನಾಲ್ಕು ರಾತ್ರಿ ಕೂತಳು. "ಮುಗೀತಾ? ವಾಟ್ಸ್ಯಾಪಲ್ಲಿ ಕಳ್ಸಮ್ಮ, ಮನೇರು ನೋಡ್ತಾರೆ" ಅಂದರು. ಕಳಿಸಿದಳು. "ಅಷ್ಟೊಂದು ಹೋಲ್ತಿಲ್ಲ, ಬೇಡ ಬಿಡಮ್ಮ" ಅಂತ ಉತ್ತರ ಬಂತು. ಅಳುತ್ತಾ ನನಗೆ ತೋರಿಸಿದಳು. ಎಲ್ಲಿ ತಪ್ಪಿದೆ ಅಂತ ಇಬ್ಬರೂ ಗಂಟೆಗಟ್ಟಲೆ ಹುಡುಕಿದೆವು.

ಹನ್ನೆರಡು ದಿನ ಕಳೆದು ಬಸ್ಸಿನ ಕಿಟಕಿಯಿಂದ ಅವಳೇ ನೋಡಿದಳು. ಬಸ್‌ಸ್ಟ್ಯಾಂಡಿನ ಎದುರು ಶ್ರದ್ಧಾಂಜಲಿಯ ಫ್ಲೆಕ್ಸು. ಅದರ ನಡುವೆ ಅವಳು ಬರೆದ ಮುಖ, ಎಂಟಡಿ ಎತ್ತರದಲ್ಲಿ. ಹೋಲದಿದ್ದ ಮುಖ! ವಾಟ್ಸ್ಯಾಪಿನಿಂದಲೇ ತೆಗೆದು, ಮೂಲೆಯಲ್ಲಿದ್ದ ಅವಳ ಸಹಿ ಕತ್ತರಿಸಿ, ಪ್ರಿಂಟ್ ಹಾಕಿಸಿದ್ದರು. ಕೇಳೋಕೆ ಹೋದರೆ, "ಸತ್ತೋರ ಮನೇಲಿ ದುಡ್ಡಿನ ಮಾತಾಡ್ತೀಯೇನಮ್ಮ?" ಅಂದರಂತೆ.

ಆ ಹುಡುಗಿ ಈಗ ಒಂದು ಅಂಗಡಿಯಲ್ಲಿ ಬಿಲ್ ಹಾಕ್ತಾಳೆ. ತಿಂಗಳ ಐದಕ್ಕೆ ಸಂಬಳ ಬರುತ್ತಂತೆ. "ಖುಷಿಯಾಗಿದೀನಿ ಸಾರ್, ಯಾರನ್ನೂ ಕೇಳೋ ಹಂಗಿಲ್ಲ" ಅಂದಳು. ನಾನು ಏನು ಹೇಳಲಿ? ಬಾ, ಮತ್ತೆ ಪೆನ್ಸಿಲ್ ಹಿಡಿ, ಹನ್ನೊಂದು ಸಲ ಬೈಕ್ ಹತ್ತು ಅನ್ನಲಾ?

ಇಲ್ಲಿ ನನ್ನ ತಪ್ಪೂ ಒಂದಿದೆ, ಮುಚ್ಚಿಡೋದಿಲ್ಲ. ಅದೇ ಹುಡುಗಿ ಹಿಂದೊಮ್ಮೆ ಒಂದು ಶಾಲೆಯ ಗೋಡೆ ಕೆಲಸದಲ್ಲಿ ನನ್ನ ಜೊತೆ ಆರು ದಿನ ಅಕ್ಷರ ಬರೆದಿದ್ದಳು. ಶಾಲೆಯವರು ನನಗೆ ಕೊಡೋದು ತಡ ಮಾಡಿದರು, ನಾನು ಅವಳಿಗೆ ಕೊಡೋದು ತಡ ಮಾಡಿದೆ. "ಬಂದ ತಕ್ಷಣ ಕೊಡ್ತೀನಮ್ಮ" ಅಂದೆ. ಐದು ತಿಂಗಳು. ಅವಳು ಒಂದು ದಿನವೂ ಕೇಳಲಿಲ್ಲ, ಕೇಳಬಾರದು ಅಂತ ನನ್ನನ್ನು ನೋಡಿಯೇ ಕಲಿತಿದ್ದಳು. ಬಾಕಿ ಅನ್ನೋದು ನೀರಿದ್ದ ಹಾಗೆ, ತಗ್ಗಿಗೇ ಹರಿಯುತ್ತೆ. ಮೇಲಿನವನು ನನಗೆ ನಿಲ್ಲಿಸಿದರೆ ನಾನು ಕೆಳಗಿನವರಿಗೆ ನಿಲ್ಲಿಸ್ತೀನಿ. ಕೊನೆಗೆ ಯಾರ ಕೆಳಗೆ ಯಾರೂ ಇಲ್ಲವೋ ಅವರು ಮುಳುಗ್ತಾರೆ. ಆವತ್ತು ಸಾಲ ಮಾಡಿಯಾದರೂ ಕೊಡಬೇಕಿತ್ತು. ಈಗ ಹಾಗೇ ಮಾಡ್ತೀನಿ. ಆದರೆ ಅವಳ ವಿಷಯದಲ್ಲಿ ತಡ ಆಯ್ತು.

ಎದುರು ಪಕ್ಷದ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಬರೀ ಗೋಳಾಗುತ್ತೆ. ಮುಂಗಡ ತಗೊಂಡು ಫೋನ್ ಸ್ವಿಚ್ ಆಫ್ ಮಾಡೋ ಕಲಾವಿದರಿದ್ದಾರೆ. ತಿಥಿ ಮುಗಿದ ಮೇಲೆ ಚಿತ್ರ ತಂದು ಕೊಡೋರಿದ್ದಾರೆ. ಒಬ್ಬರ ಮುಖ ತೋರಿಸಿ ಆರ್ಡರ್ ಹಿಡಿದು, ಬೇರೆ ಯಾರ ಹತ್ತಿರವೋ ಕಡಿಮೆಗೆ ಬರೆಸಿ ಕೊಡೋರಿದ್ದಾರೆ. ನಮ್ಮಲ್ಲಿ ಅಂಥವರಿಂದ ಏಟು ತಿಂದ ಗಿರಾಕಿ ಮುಂಗಡ ಅಂದರೆ ಬೆಚ್ಚಿ ಬೀಳೋದು ತಪ್ಪಲ್ಲ. ಅದಕ್ಕೇ ನಾನು ಪೂರ್ತಿ ದುಡ್ಡು ಮೊದಲೇ ಕೇಳೋದಿಲ್ಲ. ಅರ್ಧ ಕೇಳ್ತೀನಿ. ಅರ್ಧ ನಿಮ್ಮ ಹತ್ತಿರ, ಅರ್ಧ ನನ್ನ ಹತ್ತಿರ. ನಾನು ಮೋಸ ಮಾಡಿದರೆ ನನಗೂ ನಷ್ಟ, ನೀವು ಮೋಸ ಮಾಡಿದರೆ ನಿಮಗೂ ನಷ್ಟ. ನಂಬಿಕೆ ಅಂದರೆ ಇದೇ ಅಲ್ವಾ? ಒಬ್ಬನೇ ಎಲ್ಲ ಭಾರ ಹೊರೋದಕ್ಕೆ ನಂಬಿಕೆ ಅನ್ನೋದಿಲ್ಲ, ಬಿಟ್ಟಿ ಚಾಕರಿ ಅಂತಾರೆ.

ಕಾನೂನು ಏನನ್ನುತ್ತೆ? 1872ರ ಕರಾರು ಕಾಯ್ದೆಯ 70ನೇ ಸೆಕ್ಷನ್ ಇದೆ. ಒಬ್ಬ ಮನುಷ್ಯ ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಇನ್ನೊಬ್ಬನಿಗಾಗಿ ನ್ಯಾಯವಾಗಿ ಒಂದು ಕೆಲಸ ಮಾಡಿದ, ಆ ಇನ್ನೊಬ್ಬ ಅದರ ಲಾಭ ಅನುಭವಿಸಿದ ಅಂದರೆ, ಅವನು ಅದಕ್ಕೆ ಪರಿಹಾರ ಕೊಡಲೇಬೇಕು. ಬಾಂಡ್ ಪೇಪರ್ ಇಲ್ಲದಿದ್ದರೂ ಸರಿ. ಬಸ್‌ಸ್ಟ್ಯಾಂಡಿನ ಎದುರು ಎಂಟಡಿ ಎತ್ತರದಲ್ಲಿ ನಿಲ್ಲಿಸಿದ್ದು ಲಾಭ ಅನುಭವಿಸಿದ್ದಲ್ಲದೆ ಮತ್ತೇನು?

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಗಿರಾಕಿಗೆ ಅನುಕೂಲವಾದ ಮಾತೂ ಇದೆ, ಅದನ್ನೂ ಹೇಳ್ತೀನಿ. ಹಣ ಕೊಟ್ಟು ಬರೆಸಿಕೊಂಡ ಭಾವಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದ್ದೇ. 17ನೇ ಸೆಕ್ಷನ್. ಗಮನಿಸಿ: ಹಣ ಕೊಟ್ಟು. ಕೊಡದೆ ಕತ್ತರಿಸಿ ತಗೊಂಡರೆ ಆ ಮಾತು ನಿಮ್ಮ ಕೈ ಹಿಡಿಯೋದಿಲ್ಲ. ಇನ್ನು 57ನೇ ಸೆಕ್ಷನ್ ಪ್ರಕಾರ ಹಕ್ಕು ಮಾರಿದ ಮೇಲೂ ಇದು ನಾನು ಬರೆದದ್ದು ಅಂತ ಹೇಳಿಕೊಳ್ಳುವ ಅಧಿಕಾರ ಬರೆದವರಿಗೆ ಇದ್ದೇ ಇರುತ್ತೆ. ಸಹಿ ಕತ್ತರಿಸೋರು ಇದನ್ನ ಎರಡು ಸಲ ಓದಿಕೊಳ್ಳಲಿ.

ಆದರೆ ಕೆಲಸದ ಬಾಕಿಗೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷದ ಗಡುವು. "ಮುಂದಿನ ಜಾತ್ರೆಗೆ" ಅಂತ ಮೂರು ಸಲ ಹೇಳಿಸಿಕೊಂಡರೆ ಮುಗೀತು. ನನ್ನ ಪರದೆಗೆ ನಾಲ್ಕು ವರ್ಷ ಆಯ್ತು ಅಂದೆನಲ್ಲ, ಲೆಕ್ಕ ಹಾಕಿ. ಇನ್ನು ನಾಲ್ಕು ಸಾವಿರ ರೂಪಾಯಿಗೆ ವಕೀಲರನ್ನು ಹಿಡಿದು ಕೋರ್ಟಿಗೆ ಅಲೆಯೋನು ಯಾರು? ನ್ಯೂಯಾರ್ಕ್ ನಗರದಲ್ಲಿ 2017ರಿಂದ ಇಂಥವರಿಗೇ ಒಂದು ಕಾನೂನಿದೆ. 800 ಡಾಲರ್ ಅಥವಾ ಅದಕ್ಕೆ ಮೇಲಿನ ಕೆಲಸಕ್ಕೆ ಬರವಣಿಗೆಯ ಕರಾರು ಇರಲೇಬೇಕು, ದಿನ ಗೊತ್ತುಮಾಡಿಲ್ಲದಿದ್ದರೆ ಕೆಲಸ ಮುಗಿದ ಮೂವತ್ತು ದಿನದೊಳಗೆ ಹಣ ಕೊಡಬೇಕು. ಅಷ್ಟು ದೊಡ್ಡ ಶಹರದಲ್ಲೂ ಕಾನೂನು ಮಾಡೋ ಹಾಗಾಯ್ತು ಅಂದರೆ, ಈ ಚಾಳಿ ನಮ್ಮೂರಿನದು ಮಾತ್ರ ಅಲ್ಲ ಅಂತಾಯ್ತು. ಸಮಾಧಾನ ಪಡೋಣವೇ? ಬೇಡ. ಕಾನೂನು ಬರೋವರೆಗೂ ಕಾಯೋದೂ ಬೇಡ. ನಾಲ್ಕು ನಡಾವಳಿ ನಾವೇ ಹಾಕಿಕೊಳ್ಳೋಣ. ಗಿರಾಕಿಗಳಿಗೂ ಹೇಳ್ತಿದ್ದೀನಿ, ನನ್ನ ಜೊತೆಯವರಿಗೂ ಹೇಳ್ತಿದ್ದೀನಿ.

ಕೆಲಸ ಹೇಳುವಾಗಲೇ ದುಡ್ಡಿನ ಮಾತು ಮುಗಿಸಿ. ಸೈಜು, ರೇಟು, ಯಾವ ದಿನಕ್ಕೆ ಬೇಕು, ಫ್ರೇಮ್ ಸೇರಿದೆಯೋ ಇಲ್ಲವೋ. ಇಷ್ಟನ್ನು ವಾಟ್ಸ್ಯಾಪಲ್ಲಿ ನಾಲ್ಕು ಸಾಲು ಬರೆದು ಇಬ್ಬರೂ "ಸರಿ" ಅಂದರೆ ಸಾಕು.

ಅರ್ಧ ಮುಂಗಡ. ಅದು ಬಂದ ಮೇಲೆ ಕೆಲಸ ಶುರು, ಅದಕ್ಕೆ ಮುಂಚೆ ಒಂದು ಗೆರೆಯೂ ಇಲ್ಲ. ನಡುವೆ ನೀವು ಬೇಡ ಅಂದರೆ ಮುಂಗಡ ವಾಪಸ್ ಕೇಳಬೇಡಿ, ಆ ದಿನಗಳಲ್ಲಿ ನಾನು ಬೇರೆ ಕೆಲಸ ಬಿಟ್ಟಿರ್ತೀನಿ. ನಾನೇ ಕೈಕೊಟ್ಟರೆ ಪೂರ್ತಿ ವಾಪಸ್, ಸಬೂಬು ಇಲ್ಲದೆ.

ಮೊದಲ ಪೆನ್ಸಿಲ್ ಗೆರೆ ತೋರಿಸಿದಾಗಲೇ ಮನೆಯವರನ್ನೆಲ್ಲ ಕೂರಿಸಿ ನೋಡಿ. ಮೂಗು ಉದ್ದ ಆಯ್ತು, ಮೀಸೆ ದಪ್ಪ ಬೇಕು ಅನ್ನೋದನ್ನ ಆಗ ಹೇಳಿ. ಎರಡು ಸಲ ತಿದ್ದೋದು ನನ್ನ ಖರ್ಚು. ಬಣ್ಣ ಮುಗಿದ ಮೇಲೆ ದುಬೈಯಿಂದ ಚಿಕ್ಕಪ್ಪ ಫೋನ್ ಮಾಡಿ "ಪೇಟ ಹಾಕ್ಸಿ" ಅಂದರೆ ಅದು ಹೊಸ ಕೆಲಸ, ಹೊಸ ರೇಟು.

ಮುಗಿದ ಚಿತ್ರವನ್ನು ಕೊಡೋದು ಉಳಿದರ್ಧ ಬಂದ ಮೇಲೆ. ಅಲ್ಲಿವರೆಗೆ ಫೋನಲ್ಲಿ ಕಳಿಸೋದು ಚಿಕ್ಕ ಸೈಜಿನದು, ನಡುವೆ ಹೆಸರು ಬರೆದದ್ದು. ಇದನ್ನು ಕಲಿಯೋಕೆ ನಮಗೆ ಒಬ್ಬ ಹುಡುಗಿಯನ್ನು ಕಳೆದುಕೊಳ್ಳಬೇಕಾಯ್ತು.

ಸಂಘದ ಕೆಲಸಕ್ಕೆ ಒಬ್ಬರು ಜವಾಬ್ದಾರಿ ಹೊರಲಿ, ಹೆಸರು ಹೇಳಿ. "ಕಮಿಟಿ ಕೊಡುತ್ತೆ" ಅನ್ನೋ ಮಾತು ಬೇಡ. ಕಮಿಟಿಗೆ ಜೇಬಿಲ್ಲ.

ದುಡ್ಡಿಲ್ಲ ಅಂದರೆ ದುಡ್ಡಿಲ್ಲ ಅಂತ ಮೊದಲೇ ಹೇಳಿ. ಅದರಲ್ಲಿ ಅವಮಾನ ಇಲ್ಲ. ಅಂತರಘಟ್ಟೆಯ ಜಾತ್ರೆಗೆ ಹೋಗೋ ಪಾನಕದ ಬಂಡಿಯೊಂದಕ್ಕೆ ನಾನು ಬಣ್ಣ ಬಳಿದುಕೊಟ್ಟಿದ್ದೀನಿ, ಒಂದು ಪೈಸೆ ಮುಟ್ಟದೆ. ಆ ಮನೆಯ ಹಿರಿಯರು ಬಂದು, "ಈ ವರ್ಷ ಕೈಲಾಗ್ತಿಲ್ಲ ಕಣಪ್ಪ, ಹಂಗೇ ಮಾಡ್ಕೊಡ್ತೀಯಾ?" ಅಂತ ನೇರ ಕೇಳಿದರು. ಸಂತೋಷವಾಗಿ ಮಾಡಿದೆ. ಬಿಟ್ಟಿ ಕೆಲಸ ನನಗೆ ಬೇಸರವಲ್ಲ. ದುಡ್ಡು ಕೊಡ್ತೀನಿ ಅಂತ ಹೇಳಿ ಬಿಟ್ಟಿ ಮಾಡಿಸೋದು ಬೇಸರ. ದಾನ ಮಾಡೋದು ನನ್ನ ಇಷ್ಟ. ನನ್ನ ಜೇಬಿಂದ ನೀವು ದಾನ ಮಾಡಬೇಡಿ.

ತರೀಕೆರೆಯ ಹತ್ತಿರ ಅಮೃತಾಪುರದ ಅಮೃತೇಶ್ವರ ದೇವಸ್ಥಾನ ನೋಡಿದ್ದೀರಲ್ಲ. 1196ರದ್ದು, ಹೊಯ್ಸಳರ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ್ದು. ಕಟ್ಟಿಸಿದವನ ಹೆಸರು ಉಳೀತು, ಸರಿ. ಆದರೆ ಒಳಗೆ ಮಂಟಪದ ಭುವನೇಶ್ವರಿಗಳನ್ನು ಕಡೆದ ರೂವಾರಿ ಮಲ್ಲಿತಮ್ಮನ ಹೆಸರೂ ಉಳಿದಿದೆ. ಅವನ ಕೆಲಸ ಶುರುವಾದದ್ದು ಅಲ್ಲಿಂದ ಅಂತ ತಿಳಿದವರು ಹೇಳ್ತಾರೆ. ಮುಂದೆ ಸೋಮನಾಥಪುರದವರೆಗೂ ಅವನ ಸಹಿ ಕಲ್ಲಿನಲ್ಲಿದೆ. ಎಂಟುನೂರು ವರ್ಷದ ಹಿಂದೆ ಶಿಲ್ಪಿ ತನ್ನ ಹೆಸರು ಕೆತ್ತಿಕೊಂಡರೆ ದಂಡನಾಯಕರ ಮರ್ಯಾದೆಗೆ ಕುಂದು ಬರಲಿಲ್ಲ. ನಮ್ಮೂರ ಹೊಸ ಕಮಾನಿನಲ್ಲಿ ಸಿಮೆಂಟ್ ಮೂಟೆ ಕೊಟ್ಟೋರ ಹೆಸರಿಂದ ಹಿಡಿದು ಉದ್ಘಾಟನೆಗೆ ಬರದೇ ಹೋದ ಗಣ್ಯರ ಹೆಸರಿನವರೆಗೂ ಇದೆ. ಗಜಲಕ್ಷ್ಮಿಯನ್ನು ಬರೆದವನದು ಮಾತ್ರ ಇಲ್ಲ. ನಿಮ್ಮ ಮೊಮ್ಮಕ್ಕಳು ಇದನ್ನ ಯಾರು ಬರೆದದ್ದು ಅಂತ ಕೇಳಿದರೆ ಏನಂತೀರಿ? "ಯಾರೋ ಪೇಂಟ್ರು" ಅಂತೀರಾ?

ಬೀರೂರಿನ ಕಥೆ ಏನಾಯ್ತು ಅಂತ ಕೇಳಬಹುದು. "ನಂಬಿಕೆ ಇದೆ ಸಾರ್, ಅದಕ್ಕೇ ಅರ್ಧ ಕೇಳಿದ್ದು, ಇಲ್ಲದಿದ್ರೆ ಪೂರ್ತಿ ಕೇಳ್ತಿದ್ದೆ" ಅಂದೆ. "ಮನೇಲಿ ವಿಚಾರ ಮಾಡಿ ಹೇಳ್ತೀನಿ" ಅಂದು ಇಟ್ಟರು. ಫೋನ್ ಬರಲಿಲ್ಲ. ಆ ವಾರ ನನಗೆ ಬೇರೆ ಕೆಲಸವೂ ಇರಲಿಲ್ಲ. ನಾಲ್ಕು ದಿನ ಖಾಲಿ ಕೂತೆ. ಖಾಲಿ ಕೂರೋದಕ್ಕೂ ಖರ್ಚಿದೆ, ಸುಳ್ಳು ಹೇಳೋದಿಲ್ಲ. ಆದರೆ ನಾಲ್ಕು ದಿನ ಬರೆದು, ನಾಲ್ಕು ವರ್ಷ ಅಲೆಯೋದಕ್ಕಿಂತ ಆ ಖರ್ಚು ಕಡಿಮೆ.

ಇದನ್ನು ಓದ್ತಿರೋರಿಗೆ ಒಂದೇ ಒಂದು ಕೆಲಸ ಹೇಳ್ತೀನಿ. ಒಮ್ಮೆ ತಲೆ ಎತ್ತಿ ನಿಮ್ಮ ಮನೆ ಗೋಡೆ ನೋಡಿ. ಅಂಗಡಿಯ ಬೋರ್ಡು ನೋಡಿ, ಮಗನ ಮದುವೆ ಕಾರ್ಡು ನೋಡಿ, ಸಂಘದ ಸ್ಮರಣ ಸಂಚಿಕೆಯ ಮುಖಪುಟ ನೋಡಿ. ಅದನ್ನು ಬರೆದ ಕೈ ಯಾವುದು ಅಂತ ನೆನಪು ಮಾಡಿಕೊಳ್ಳಿ. ಕೊಟ್ಟಿದ್ದೀರಾ? ಪೂರ್ತಿ ಕೊಟ್ಟಿದ್ದೀರಾ? "ಆಮೇಲೆ ನೋಡೋಣ" ಅಂದದ್ದು ಏನಾದರೂ ಉಳಿದಿದೆಯಾ?

ಉಳಿದಿದ್ದರೆ ಫೋನ್ ನಿಮ್ಮ ಕೈಯಲ್ಲೇ ಇದೆ, ಹೊತ್ತೇನೂ ಮೀರಿಲ್ಲ. ಶಾಲು ಖಂಡಿತ ಬೇಡ.